ಶಿಲ್ಕು ತೋರಿಸಿ ಕಾಲುಸಂಕ ಕಟ್ಟಲಾಗದು

ಉಡುಪಿ ಜಿಲ್ಲೆಯ ಗ್ರಾಮ ಪಂಚಾಯತ್‌ಗಳ ಲೆಕ್ಕಪತ್ರ ನೋಡುವ ನನಗೆ ಪ್ರತಿವರ್ಷವೂ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: ಖಾತೆಯಲ್ಲಿ ಇಷ್ಟು ಶಿಲ್ಕು (ಬಾಕಿ ಉಳಿದ ಹಣ) ಇರುವಾಗ ನಮ್ಮ ವಾರ್ಡಿನ ಕೆಲಸಕ್ಕೆ ಮಾತ್ರ ಹಣವಿಲ್ಲವೇ?

ಕೆಲವು ವರ್ಷಗಳ ಹಿಂದೆ ಕುಂದಾಪುರದ ಕಡೆಯ ಸದಸ್ಯರೊಬ್ಬರು ಪಾಸ್‌ಬುಕ್ಕಿನ ನಕಲನ್ನೇ ಹಿಡಿದುಕೊಂಡು ಬಂದಿದ್ದರು. ಅವರ ವಾರ್ಡಿನ ಮಕ್ಕಳು ಮಳೆಗಾಲವಿಡೀ ಅಡಿಕೆ ಮರದ ಕಾಲುಸಂಕ ದಾಟಿಯೇ ಶಾಲೆಗೆ ಹೋಗಬೇಕಿತ್ತು. ಅದರ ಬದಲು ಒಂದು ಸಣ್ಣ ಕಾಂಕ್ರೀಟ್ ಸೇತುವೆ ಬೇಕೆಂಬ ಅವರ ಬೇಡಿಕೆ ಅತ್ಯಂತ ನ್ಯಾಯವಾದದ್ದು. ಆದರೆ ಖಾತೆಯಲ್ಲಿದ್ದ ಹಣದ ಬಹುಪಾಲು ನಿರ್ಬಂಧಿತ ಅನುದಾನ, ಅಂದರೆ ಗೊತ್ತುಪಡಿಸಿದ ಕೆಲಸಕ್ಕೆ ಮಾತ್ರ ಬಳಸಬಹುದಾದ ಹಣವಾಗಿತ್ತು.

ಈ ಒಂದು ಮಾತನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಕೇಂದ್ರದ 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಶಿಫಾರಸು ಮಾಡಿದ ಗ್ರಾಮೀಣ ಅನುದಾನದಲ್ಲಿ ಶೇ. 60 ನಿರ್ಬಂಧಿತ, ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿನಂಥ ಕೆಲಸಗಳಿಗೆ. ಎರಡರಲ್ಲಿ ಒಂದರ ಅಗತ್ಯ ಪೂರ್ತಿ ಮುಗಿದಿದ್ದರೆ ಆ ಹಣವನ್ನು ಇನ್ನೊಂದಕ್ಕೆ ಬಳಸಬಹುದೇ ಹೊರತು ಸೇತುವೆಗಲ್ಲ. ಉಳಿದ ಶೇ. 40ರಲ್ಲಿ ಸ್ಥಳೀಯ ಅಗತ್ಯದ ಕೆಲಸ ಮಾಡಬಹುದು, ಆದರೆ ಅದೂ ಸಂಬಳಕ್ಕೆ ಮತ್ತು ಕಚೇರಿ ವೆಚ್ಚಕ್ಕೆ ಸಲ್ಲದು. ಆ ಪಂಚಾಯತ್‌ನಲ್ಲಿ ಈ ಭಾಗವು ಆ ವರ್ಷದ ಕ್ರಿಯಾಯೋಜನೆಯಲ್ಲಿ ಆಗಲೇ ಹಂಚಿಹೋಗಿತ್ತು. ಅಂದರೆ ಅಖೈರು ಶಿಲ್ಕು (ವರ್ಷದ ಕೊನೆಗೆ ಖಾತೆಯಲ್ಲಿ ಉಳಿದ ಮೊತ್ತ) ಎಂಬುದು ಪಂಚಾಯತ್‌ನ ಉಳಿತಾಯವಲ್ಲ, ಇಂಥದ್ದಕ್ಕೇ ಎಂದು ಹೇಳಿ ಯಾರೋ ನಿಮ್ಮ ಕೈಯಲ್ಲಿ ಇಟ್ಟುಹೋದ ಹಣ. (ಆಯಾ ವರ್ಷದ ಮಾರ್ಗಸೂಚಿಯನ್ನು ನೋಡದೆ ನನ್ನ ಈ ಮಾತನ್ನೇ ಆಧಾರವಾಗಿಟ್ಟು ಠರಾವು ಬರೆಯಬೇಡಿ.)

ಮನೆಮನೆಗೆ ಬಾವಿಯಿರುವ ಕರಾವಳಿಯಲ್ಲಿ ನೀರಿಗೆಂದು ಇಷ್ಟು ಹಣ ಏಕೆ ಎಂದು ಆ ಸದಸ್ಯರು ಕೇಳಿದರು. ಏಪ್ರಿಲ್ ಕಳೆಯುವಷ್ಟರಲ್ಲಿ ಎಷ್ಟು ಬಾವಿಗಳು ಬತ್ತುತ್ತವೆ, ಹೊಳೆಬದಿಯ ಎಷ್ಟು ಬಾವಿಗಳಿಗೆ ಉಪ್ಪುನೀರು ನುಗ್ಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾರೆ. ಯಾವ ಊರಿಗೆ ಏನು ಮೊದಲು ಬೇಕು ಎಂಬುದನ್ನು ದೆಹಲಿಯಿಂದ ತೀರ್ಮಾನಿಸಿದಾಗ ಇಂಥ ಒಡಕು ಉಳಿದೇ ಉಳಿಯುತ್ತದೆ.

ಹಾಗಾದರೆ ಪಂಚಾಯತ್ ತನ್ನ ಇಷ್ಟದಂತೆ ವಿನಿಯೋಗಿಸಬಹುದಾದ ಹಣ ಯಾವುದು? ಮುಖ್ಯವಾಗಿ ತಾನೇ ಎತ್ತಿದ ತೆರಿಗೆ ಮತ್ತು ಶುಲ್ಕ. ಸಂವಿಧಾನದ 243-ಎಚ್ ವಿಧಿಯಡಿ ರಾಜ್ಯದ ಶಾಸನವು ಆ ಅಧಿಕಾರ ಕೊಡಬಹುದು. ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆ ಕಟ್ಟಡ ತೆರಿಗೆ ವಿಧಿಸುವ ಅಧಿಕಾರವನ್ನು ಕೊಟ್ಟೂ ಇದೆ. ಅಲ್ಲಿಯೂ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಉಪಕರದಂಥವು ಪಂಚಾಯತ್‌ನದಲ್ಲ, ಸಂಬಂಧಿಸಿದ ಇಲಾಖೆಗೆ ಕಟ್ಟಬೇಕಾದವು. ಅವನ್ನು ಕಳೆದು ಉಳಿದದ್ದೇ ಸ್ವಂತ ಸಂಪನ್ಮೂಲ.

ಅಂದು ನಾನು ಪಂಚಾಯತ್ ಸಭೆಯ ನಡವಳಿ ಪುಸ್ತಕವನ್ನು ತೆರೆದು ಒಂದು ಪುಟ ತೋರಿಸಿದೆ. ತೆರಿಗೆ ಪರಿಷ್ಕರಣೆಯನ್ನು ಜನರಿಗೆ ಹೊರೆಯಾಗುತ್ತದೆಂಬ ಕಾರಣಕ್ಕೆ ಮುಂದೂಡಿದ ಠರಾವು ಅದು. ಅನುಮೋದಕರ ಜಾಗದಲ್ಲಿ ಅವರದೇ ಸಹಿ ಇತ್ತು. ಅವರು ನಕ್ಕುಬಿಟ್ಟರು. ಬಡವರ ಮನೆಯ ತೆರಿಗೆ ಏರಿಸಿ ಎಂದು ನಾನೂ ಹೇಳಿರಲಿಲ್ಲ. ಹೆದ್ದಾರಿ ಬದಿಯಲ್ಲಿ ಎರಡು ಅಂತಸ್ತು ಏರಿಸಿಕೊಂಡೂ ತೆರಿಗೆಯ ಬೇಡಿಕೆ ವಹಿಯಲ್ಲಿ (ಯಾರಿಂದ ಎಷ್ಟು ತೆರಿಗೆ ಬರಬೇಕೆಂದು ಬರೆದಿಡುವ ಪುಸ್ತಕದಲ್ಲಿ) ಇನ್ನೂ ಹೆಂಚಿನ ಮನೆಗಳಾಗಿಯೇ ಉಳಿದಿದ್ದ ವಾಣಿಜ್ಯ ಕಟ್ಟಡಗಳನ್ನು ಅಳೆಯಿರಿ ಎಂದಷ್ಟೇ ಹೇಳಿದ್ದೆ. ಮರುವರ್ಷ ಲೆಕ್ಕ ನೋಡಲು ಹೋದಾಗ ಕಾಲುಸಂಕ ಹಾಗೆಯೇ ಇತ್ತು. ಬಿಲ್ ಕಲೆಕ್ಟರ್ ಮಾತ್ರ ಅಳತೆಪಟ್ಟಿ ಹಿಡಿದು ಹೆದ್ದಾರಿಗೆ ಹೋಗಿದ್ದರು, ಜೊತೆಗೆ ಆ ಸದಸ್ಯರೂ ಇದ್ದರಂತೆ.