ಕ್ವಾಂಟಮ್ ಮೆರೂಯಿಟ್: ದುಡಿದಷ್ಟಕ್ಕೆ ಸಲ್ಲಬೇಕಾದದ್ದು

'ಕ್ವಾಂಟಮ್ ಮೆರೂಯಿಟ್' ಎಂಬುದು ಲ್ಯಾಟಿನ್ ಮಾತು. 'ಎಷ್ಟಕ್ಕೆ ಅರ್ಹನೋ ಅಷ್ಟು' ಎಂದು ಅದರ ಅರ್ಥ. ದರ ಗೊತ್ತುಮಾಡದೆ ಕೆಲಸ ಮಾಡಿಸಿಕೊಂಡವರು, ಇಲ್ಲವೆ ಒಪ್ಪಂದವನ್ನು ನಡುವೆಯೇ ಮುರಿದವರು, ಅದುವರೆಗಿನ ದುಡಿಮೆಗೆ ನ್ಯಾಯವಾದ ಸಂಭಾವನೆಯನ್ನು ಕೊಡಬೇಕೆಂಬ ಕಾನೂನಿನ ತತ್ತ್ವವಿದು. ಫ್ರೀಲಾನ್ಸ್ ಕೆಲಸಗಾರರು ತಿಳಿದಿರಲೇಬೇಕಾದ ಪದ.

ಇದರ ಹೆಸರಾಂತ ಪ್ರಕರಣವೂ ಅಂಥ ಒಬ್ಬ ಬರಹಗಾರನದೇ. ಪ್ರಾಚೀನ ಉಡುಪು ಮತ್ತು ಕವಚಗಳ ಬಗ್ಗೆ ಮಕ್ಕಳ ಮಾಲಿಕೆಯೊಂದಕ್ಕೆ ಪುಸ್ತಕ ಬರೆದುಕೊಡಲು ಪ್ಲಾಂಶೆ ಎಂಬಾತ ಇಂಗ್ಲೆಂಡಿನ ಪ್ರಕಾಶಕರೊಡನೆ 100 ಪೌಂಡಿಗೆ ಒಪ್ಪಿಕೊಂಡಿದ್ದ. ಒಂದಷ್ಟು ಭಾಗವನ್ನು ಬರೆದೂ ಆಗಿತ್ತು; ಅಷ್ಟರಲ್ಲಿ ಪ್ರಕಾಶಕರು ಮಾಲಿಕೆಯನ್ನೇ ಕೈಬಿಟ್ಟರು. ಪುಸ್ತಕ ಪೂರ್ತಿಯಾಗಿಲ್ಲ, ಹಸ್ತಪ್ರತಿ ಕೈಸೇರಿಲ್ಲ ಎಂಬುದು ನಿಜವೇ ಆಗಿದ್ದರೂ, 1831ರಲ್ಲಿ ನ್ಯಾಯಾಲಯ ಅವನಿಗೆ 50 ಪೌಂಡ್ ಕೊಡಿಸಿತು. ಇದಕ್ಕೆ ಹತ್ತಿರದ ನಿಯಮವೊಂದು 1872ರ ಭಾರತೀಯ ಕರಾರು ಕಾಯ್ದೆಯ 70ನೆಯ ಕಲಮಿನಲ್ಲಿದೆ: ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಕಾನೂನುಬದ್ಧವಾಗಿ ಮಾಡಿಕೊಟ್ಟ ಕೆಲಸದ ಪ್ರಯೋಜನವನ್ನು ಪಡೆದವರು ಅದಕ್ಕೆ ಪರಿಹಾರ ಕೊಡಬೇಕು.

ಆದರೆ ಬಾಕಿ ಉಳಿದ ಹಣಕ್ಕೆಲ್ಲ ಈ ಪದವನ್ನು ಅಂಟಿಸುವುದು ತಪ್ಪು. ದರ ಮೊದಲೇ ನಿಗದಿಯಾಗಿ, ಒಪ್ಪಿದಂತೆ ಕೆಲಸವೂ ಮುಗಿದಿದ್ದರೆ, ಕೇಳಬೇಕಾದದ್ದು ಆ ನಿಗದಿತ ಮೊತ್ತವನ್ನೇ. ಅಲ್ಲಿ 'ನ್ಯಾಯವಾದ ಬೆಲೆ ಎಷ್ಟು' ಎಂಬ ಚರ್ಚೆಗೆ ಆಸ್ಪದ ಕೊಡುವುದೆಂದರೆ ಗ್ರಾಹಕರ ಕೈಗೆ ಚೌಕಾಸಿಯ ಅವಕಾಶವನ್ನು ತಾನಾಗಿ ಒಪ್ಪಿಸಿದಂತೆ. ಈ ತತ್ತ್ವ ನಿಜಕ್ಕೂ ಬೇಕಾಗುವುದು ಬಾಯಿಮಾತಿನಲ್ಲಿ ಬೆಳೆಯುವ ಕೆಲಸಗಳಿಗೆ. 'ಲೋಗೋ ಚೆನ್ನಾಗಿ ಬಂದಿದೆ, ಹಾಗೇ ಲೆಟರ್‌ಹೆಡ್ಡೂ ಮಾಡಿಬಿಡಿ, ಲೆಕ್ಕ ಆಮೇಲೆ ನೋಡೋಣ' ಎಂದ ಗ್ರಾಹಕರು, ಬಿಲ್ ಕೈಗೆ ಬಂದ ದಿನ 'ಅದಕ್ಕೆ ರೇಟೇ ಮಾತಾಡಿರಲಿಲ್ಲವಲ್ಲ' ಎನ್ನುತ್ತಾರೆ. ಆ ಉತ್ತರವನ್ನು ಅದೇ ಲೆಟರ್‌ಹೆಡ್ಡಿನಲ್ಲಿ ಬರೆದು ಕಳಿಸಿದ್ದರೆ, ಕೆಲಸದ ಪ್ರಯೋಜನ ಪಡೆದದ್ದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ.

ಹಾಗಿದ್ದರೂ ಮೊತ್ತವನ್ನು ಸಮರ್ಥಿಸುವ ಹೊಣೆ ದುಡಿದವರದೇ. ಕೆಲಸ ಕೇಳಿದ ಸಂದೇಶ, ಕಳಿಸಿದ ಕರಡುಗಳು ಮತ್ತು ಅವುಗಳ ತಾರೀಖು, ಅಂಥದೇ ಕೆಲಸಕ್ಕೆ ಬೇರೆಯವರು ಕೊಟ್ಟ ದರದ ಇನ್‌ವಾಯ್ಸ್ ಇವೆಲ್ಲ ಅಲ್ಲಿ ಉಪಯೋಗಕ್ಕೆ ಬರುತ್ತವೆ. ಕೆಲಸ ಸಿಗಲೆಂದು ತಾನಾಗಿ ಮಾಡಿಕೊಟ್ಟ ಉಚಿತ ಮಾದರಿಗೆ ಮಾತ್ರ, ಅದಕ್ಕೆ ಎಷ್ಟೇ ರಾತ್ರಿ ನಿದ್ದೆಗೆಟ್ಟಿದ್ದರೂ, ಈ ತತ್ತ್ವ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.