ಹೈಲೈಟರ್ ಪಟ್ಟಿ ಸುತ್ತಿ ಬಂದು ಸೇರುವ ಜಾಗ

ಸ್ನಾನದ ಮನೆಯ ಗೋಡೆಗೆ ಚಿತ್ತಾರದ ಟೈಲ್ಸ್ ಹಾಕಿಸಿದವರು ಕೆಲಸ ಮುಗಿದ ದಿನ ಸಾಮಾನ್ಯವಾಗಿ ನೋಡುವುದು ಬಣ್ಣವನ್ನು ಮತ್ತು ಹೊಳಪನ್ನು. ಇವೆರಡೂ ಕಾರ್ಖಾನೆಯಿಂದಲೇ ಬಂದವು. ಮೇಸ್ತ್ರಿಯ ಕೈಕೆಲಸವನ್ನು ಅಳೆಯಲು ಇವುಗಳಿಂದ ಪ್ರಯೋಜನವಿಲ್ಲ. ಮನೆ ಕಟ್ಟಡಗಳ ಮೇಲ್ವಿಚಾರಣೆಯಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದೆಂದರೆ, ಮೇಸ್ತ್ರಿಯದಲ್ಲದ ತಪ್ಪಿಗೆ ಅವರ ಕೂಲಿ ಹಿಡಿಯಲಾಗುತ್ತದೆ, ಅವರದೇ ಆದ ತಪ್ಪು ಯಾರ ಕಣ್ಣಿಗೂ ಬೀಳದೆ ಗೋಡೆಯ ಮೇಲೆ ಉಳಿದುಬಿಡುತ್ತದೆ.

ತಿಳಿ ಮತ್ತು ಗಾಢ ಬಣ್ಣದ ಟೈಲ್ಸ್ ನಡುವೆ ಹೈಲೈಟರ್ ಪಟ್ಟಿ, ಅಂದರೆ ಚಿತ್ತಾರದ ಟೈಲ್ಸಿನ ಅಡ್ಡ ಸಾಲು, ಓಡಿಸಿದ್ದರೆ ನಾನು ನೇರವಾಗಿ ಹೋಗುವುದು ಬಾಗಿಲ ಚೌಕಟ್ಟಿನ ಬಳಿಗೆ. ಚೌಕಟ್ಟಿನ ಎಡಗಡೆಯಿಂದ ಹೊರಟ ಪಟ್ಟಿ ನಾಲ್ಕು ಗೋಡೆಗಳನ್ನು ಸುತ್ತಿ ಬಲಗಡೆಗೆ ಬಂದು ನಿಲ್ಲುತ್ತದೆ. ಎರಡೂ ತುದಿಗಳು ಒಂದೇ ಎತ್ತರದಲ್ಲಿವೆಯೇ ಎಂಬುದು ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದರೆ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಮೈಸೂರಿನ ಒಂದು ಮನೆಯಲ್ಲಿ ಈ ತುದಿಗಳ ನಡುವೆ 6 ಮಿಲಿಮೀಟರ್ ವ್ಯತ್ಯಾಸವಿತ್ತು. ಕೆಲಸದವರು ನುರಿತವರೇ, ಸಂದುಗಳೂ ಅಚ್ಚುಕಟ್ಟಾಗಿದ್ದವು. ಆದರೆ ಅವರು ಮೊದಲ ಸಾಲನ್ನು ನೆಲದ ಮೇಲೆಯೇ ಕೂರಿಸಿದ್ದರು. ಸ್ನಾನದ ಮನೆಯ ನೆಲ ನೀರು ಹರಿದುಹೋಗಲೆಂದು ಒಂದು ಮೂಲೆಗೆ ಇಳಿಜಾರಾಗಿರುತ್ತದೆ. ಆ ಇಳಿಜಾರು ಸಾಲಿನಿಂದ ಸಾಲಿಗೆ ಏರುತ್ತ ಪಟ್ಟಿಯವರೆಗೂ ಬಂದಿತ್ತು. ಸರಿಯಾದ ಕ್ರಮವೆಂದರೆ ಗೋಡೆಯ ಸುತ್ತ ಮಟ್ಟದ ಗೆರೆ ಹೊಡೆದು, ಆ ಗೆರೆಗೆ ಮರದ ರೀಪರ್ ಬಡಿದು, ಅದರ ಮೇಲೆ ಎರಡನೆಯ ಸಾಲಿನಿಂದ ಕೆಲಸ ಆರಂಭಿಸಿ, ಕೆಳಸಾಲನ್ನು ಕೊನೆಯಲ್ಲಿ ಇಳಿಜಾರಿಗೆ ತಕ್ಕಂತೆ ಕತ್ತರಿಸಿ ಕೂರಿಸುವುದು. ಆದ್ದರಿಂದ ಕೆಳಸಾಲಿನ ಟೈಲ್ಸ್ ಒಂದು ಕಡೆ ಎತ್ತರ, ಇನ್ನೊಂದು ಕಡೆ ಗಿಡ್ಡವಾಗಿ ಕಂಡರೆ ಜಗಳಕ್ಕೆ ಹೋಗಬೇಡಿ. ಅದು ಕೆಲಸ ಬಲ್ಲವರ ಗುರುತು.

ಕತ್ತರಿಸಿದ ತುಂಡುಗಳು ಎಲ್ಲಿ ಬಂದಿವೆ ಎಂಬುದನ್ನೂ ನೋಡಬೇಕು. 1,860 ಮಿಲಿಮೀಟರ್ ಅಗಲದ ಗೋಡೆಗೆ 600 ಮಿಲಿಮೀಟರ್ ಉದ್ದದ ಟೈಲ್ಸನ್ನು ಒಂದು ಮೂಲೆಯಿಂದ ಅಡ್ಡಲಾಗಿ ಹಾಕುತ್ತ ಹೋದರೆ ಮೂರು ಇಡೀ ಟೈಲ್ಸ್ ಮುಗಿದು ಕೊನೆಯ ಮೂಲೆಯಲ್ಲಿ ಮೂರು ಬೆರಳಗಲದ ಚೂರು ಉಳಿಯುತ್ತದೆ. ಅದರ ಬದಲು ನಡುವೆ ಎರಡು ಇಡೀ ಟೈಲ್ಸ್ ಇಟ್ಟು ಎರಡೂ ಬದಿಗೆ ಸುಮಾರು 330 ಮಿಲಿಮೀಟರ್‌ನ ತುಂಡು ಹಾಕಿದರೆ ಗೋಡೆ ಸಮವಾಗಿ ಕಾಣುತ್ತದೆ. ಇದರಲ್ಲಿ ಕತ್ತರಿಸುವ ಕೆಲಸವೂ ಹಾಳಾಗುವ ಟೈಲ್ಸೂ ಹೆಚ್ಚು, ಹಾಗಾಗಿ ಚದರಡಿ ಲೆಕ್ಕದಲ್ಲಿ ಕೂಲಿ ಪಡೆಯುವವರು ತಾವಾಗಿಯೇ ಇದನ್ನು ಮಾಡುವುದು ಅಪರೂಪ. ಮೊದಲೇ ಹೇಳಿ ಅದಕ್ಕೆ ತಕ್ಕ ಕೂಲಿ ಒಪ್ಪಿಕೊಳ್ಳುವುದು ನ್ಯಾಯ. ನಲ್ಲಿಗಾಗಿ ಕೊರೆದ ತೂತು ನಲ್ಲಿಯ ಬುಡಕ್ಕೆ ಹಾಕುವ ದುಂಡನೆಯ ಬಿಲ್ಲೆಯ ಹಿಂದೆ ಪೂರ್ತಿ ಅಡಗಿರಬೇಕು.

ಒಂದು ಟೈಲ್ಸಿನ ಅಂಚು ಪಕ್ಕದ್ದಕ್ಕಿಂತ ಮೇಲೆದ್ದಿದೆ ಎಂಬ ದೂರಿನಲ್ಲಿ ತಪ್ಪು ತೀರ್ಪಾಗುವುದು ಹೆಚ್ಚು. ಬ್ರಿಟನ್ನಿನ ಟೈಲಿಂಗ್ ಸಂಹಿತೆ ಬಿಎಸ್ 5385, ಎರಡು ಮೀಟರ್ ಉದ್ದದ ನೇರ ಪಟ್ಟಿ ಹಿಡಿದಾಗ 3 ಮಿಲಿಮೀಟರ್‌ವರೆಗಿನ ಏರುಪೇರನ್ನೂ, ಕಿರಿದಾದ ಸಂದಿನ ಆಚೀಚೆ 1 ಮಿಲಿಮೀಟರ್‌ವರೆಗಿನ ವ್ಯತ್ಯಾಸವನ್ನೂ ಒಪ್ಪುತ್ತದೆ. ನಾನೂ ಇದೇ ಅಳತೆಯನ್ನು ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಹೆಚ್ಚಿದ್ದರೆ, ಉಳಿದಿರುವ ಎರಡು ಟೈಲ್ಸನ್ನು ಮುಖಕ್ಕೆ ಮುಖ ಸೇರಿಸಿ ಹಿಡಿದು ನೋಡಿ. ಹೊಟ್ಟೆ, ಅಂದರೆ ನಡುಭಾಗ, ತಾಗಿ ತುದಿಗಳಲ್ಲಿ ಬೆಳಕು ಕಂಡರೆ ಟೈಲ್ಸೇ ಬಾಗಿದೆ. ಇಂತಹ ಉದ್ದನೆಯ ಟೈಲ್ಸನ್ನು ಇಟ್ಟಿಗೆ ಕಟ್ಟಿದಂತೆ ಅರ್ಧಕ್ಕರ್ಧ ಸರಿಸಿ ಹಾಕಿದರೆ ಒಂದರ ತುದಿ ಇನ್ನೊಂದರ ಹೊಟ್ಟೆಯ ಪಕ್ಕಕ್ಕೆ ಬಂದು ಮೆಟ್ಟಿಲಿನಂತೆ ಕಾಣುತ್ತದೆ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸರಿಸಬಾರದೆಂದು ತಯಾರಕರೇ ಹೇಳುವುದು ಇದಕ್ಕಾಗಿ. ವಿನ್ಯಾಸ ಆರಿಸಿದವರ ತಪ್ಪನ್ನು ಮೇಸ್ತ್ರಿಯ ತಲೆಗೆ ಕಟ್ಟುವುದು ಅನ್ಯಾಯ. ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದು ನೋಡುವುದೂ ಸರಿಯಲ್ಲ, ಆ ಓರೆ ಬೆಳಕಿನಲ್ಲಿ ಯಾವ ಗೋಡೆಯೂ ಉಬ್ಬುತಗ್ಗಾಗಿಯೇ ಕಾಣುತ್ತದೆ.

ಸಿಮೆಂಟ್ ಗಟ್ಟಿಯಾದ ಮೇಲೆ, ಅಂದರೆ ವಾರ ಕಳೆದು, ಪ್ರತಿ ಟೈಲ್ಸನ್ನೂ ನಾಣ್ಯದಿಂದ ತಟ್ಟಿ ಆಲಿಸಬೇಕು. ಸಾಧಾರಣ ಸೆರಾಮಿಕ್ ಗೋಡೆ ಟೈಲ್ಸ್ ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಹೀರುತ್ತದೆ, ಆದ್ದರಿಂದ ನೆನೆಸಿ ಹಾಕಿದರೆ ಸಿಮೆಂಟನ್ನು ಹಿಡಿದುಕೊಳ್ಳುತ್ತದೆ. ಗಾಜಿನಂತೆ ಬಿಗಿಯಾಗುವಷ್ಟು ಸುಟ್ಟ ವಿಟ್ರಿಫೈಡ್ ಟೈಲ್ಸ್ ಹೀರುವುದು ಶೇ. 0.5ಕ್ಕಿಂತ ಕಡಿಮೆ, ಅದಕ್ಕೆ ಟೈಲ್ಸ್ ಅಂಟೇ ಬೇಕು, ಅದೂ ಹಲ್ಲಿನ ಕರಣೆಯಿಂದ ಹಿಂಬದಿಗೆಲ್ಲ ಹರಡಬೇಕು. ಐದು ಕಡೆ ಉಂಡೆಯಿಟ್ಟು ಒತ್ತಿದರೆ ಉಂಡೆಗಳ ನಡುವೆ ಟೊಳ್ಳು ಉಳಿಯುತ್ತದೆ. ನೀರು ಬೀಳದ ಗೋಡೆಯ ಮಧ್ಯದಲ್ಲಿ ಅಂಗೈಯಷ್ಟು ಟೊಳ್ಳು ಸದ್ದು ಬಂದರೆ ನಾನು ಟೈಲ್ಸ್ ಕೀಳಿಸುವುದಿಲ್ಲ. ಮೂಲೆಗಳಲ್ಲಿ, ನೀರು ಬೀಳುವ ಕಡೆ, ಗೀಸರ್ ತೂಗುಹಾಕುವ ಕಡೆ ಬಂದರೆ ಕೀಳಿಸದೆ ಬಿಡುವುದಿಲ್ಲ.

ಇದನ್ನೆಲ್ಲ ಸಂದುಗಳನ್ನು ಮುಚ್ಚುವ ಗ್ರೌಟ್ ತುಂಬುವ ಮೊದಲೇ ನೋಡಿ ಮುಗಿಸಬೇಕು. ಆಗ ಸಂದಿನ ಅಗಲ ಎಲ್ಲೆಡೆ ಒಂದೇ ಇದೆಯೇ, ಒಳಗೆ ಉಕ್ಕಿದ ಸಿಮೆಂಟನ್ನು ಕೆರೆದು ತೆಗೆದಿದ್ದಾರೆಯೇ ಎಂಬುದು ಕಾಣುತ್ತದೆ, ತಪ್ಪಿದ ಟೈಲ್ಸನ್ನು ಪಕ್ಕದ್ದಕ್ಕೆ ಪೆಟ್ಟಾಗದಂತೆ ಬಿಡಿಸಬಹುದು. ಮೈಸೂರಿನ ಆ ಮನೆಯಲ್ಲಿ ಗ್ರೌಟ್ ಗಟ್ಟಿಯಾಗಿ ಹೋಗಿತ್ತು, ಅಂಗಡಿಯಲ್ಲಿ ಆ ಹೈಲೈಟರ್ ಬರುವುದೂ ನಿಂತಿತ್ತು. ಅದೇ ಬ್ಯಾಚಿನ ಒಂದು ಪೆಟ್ಟಿಗೆ ಅಟ್ಟದ ಮೇಲೆ ಉಳಿದಿದ್ದರಿಂದಲಷ್ಟೇ ಬಾಗಿಲ ಬಳಿಯ ಗೋಡೆಯನ್ನು ಮತ್ತೆ ಮಾಡಿಸಲು ಸಾಧ್ಯವಾಯಿತು.