ಕ್ಯಾನ್ವಾಸಿನಿಂದ ಕಾಮನ್ಸ್ ಸಭೆಗೆ: ನಥಾನಿಯಲ್ ಡ್ಯಾನ್ಸ್ ಹಿಡಿದ ದಾರಿ

ಕ್ಯಾಪ್ಟನ್ ಜೇಮ್ಸ್ ಕುಕ್ ಎಂದರೆ ಬಹುಮಂದಿಗೆ ನೆನಪಾಗುವ ಚಿತ್ರ ನಥಾನಿಯಲ್ ಡ್ಯಾನ್ಸ್ ಬರೆದದ್ದು. ಬಂಗಾಳದಿಂದ ಹಣ ಬಾಚಿಕೊಂಡು ಹೋದ ರಾಬರ್ಟ್ ಕ್ಲೈವನನ್ನೂ ಆತ ಚಿತ್ರಿಸಿದ್ದ. ಅಂಥವನು 1790ರಲ್ಲಿ ಲಂಡನ್ನಿನ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಗೆ ರಾಜೀನಾಮೆ ಕೊಟ್ಟು ಸಂಸತ್ತಿಗೆ ಹೋದ. ಇದರ ಹಿಂದೆ ರಾಜಕೀಯ ಆದರ್ಶಕ್ಕಿಂತ ಜಮೀನಿನ ಲೆಕ್ಕವೇ ಹೆಚ್ಚಾಗಿ ಕಾಣುತ್ತದೆ.

ಹುಟ್ಟಿದ್ದು 1735ರಲ್ಲಿ, ಲಂಡನ್ನಿನಲ್ಲಿ. ತಂದೆ ಜಾರ್ಜ್ ಡ್ಯಾನ್ಸ್, ಮೇಯರ್ ನಿವಾಸವಾದ ಮ್ಯಾನ್ಷನ್ ಹೌಸನ್ನು ವಿನ್ಯಾಸಗೊಳಿಸಿದ ವಾಸ್ತುಶಿಲ್ಪಿ. ಮಗ ಫ್ರಾನ್ಸಿಸ್ ಹೇಮನ್ ಬಳಿ ಕಲಿತು, ಸುಮಾರು ಹತ್ತು ವರ್ಷ ಇಟಲಿಯಲ್ಲಿದ್ದ. ಪುರಾಣ, ಇತಿಹಾಸದ ದೃಶ್ಯ ಬರೆಯುವ ಆಸೆಯಿತ್ತು. ಹಣ ಬರುತ್ತಿದ್ದದ್ದು ಮಾತ್ರ ಭಾವಚಿತ್ರದಿಂದ. 1768ರಲ್ಲಿ ರಾಯಲ್ ಅಕಾಡೆಮಿಯ ಸ್ಥಾಪಕ ಸದಸ್ಯರಲ್ಲಿ ಒಬ್ಬನಾದ. ಮರುವರ್ಷದ ಪ್ರದರ್ಶನದಲ್ಲಿ ರಾಜ, ರಾಣಿಯರ ಚಿತ್ರಗಳನ್ನಿಟ್ಟ.

ಆಗ ಭಾವಚಿತ್ರದ ದರ ಅಳತೆಯ ಮೇಲೆ ನಿಂತಿತ್ತು. ಅಗ್ರಗಣ್ಯನಾಗಿದ್ದ ಜೋಶುವಾ ರೆನಾಲ್ಡ್ಸ್ 1764ರಿಂದ ಮುಖಕ್ಕೆ 30 ಗಿನಿ (ಒಂದು ಗಿನಿ ಎಂದರೆ ಪೌಂಡಿಗಿಂತ ತುಸು ಹೆಚ್ಚು), 'ಹಾಫ್ ಲೆಂತ್'ಗೆ 70, ಪೂರ್ಣಾಕೃತಿಗೆ 150 ಗಿನಿ ಕೇಳುತ್ತಿದ್ದ. ಹಾಫ್ ಲೆಂತ್ ಎಂದರೆ 50 ಇಂಚು ಎತ್ತರ, 40 ಇಂಚು ಅಗಲ: ಕೈಗಳು ಸೇರುತ್ತವೆ, ಪಾದ ಸೇರುವುದಿಲ್ಲ. ಕುಕ್‌ನ ಚಿತ್ರ ಇದೇ ಅಳತೆಯದು. ಬರೆಸಿದವನು ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್. 1776ರ ಮೇ ತಿಂಗಳಲ್ಲಿ, ಮೂರನೆಯ ಯಾನಕ್ಕೆ ಹೊರಡುವ ಗಡಿಬಿಡಿಯಲ್ಲಿ, ಕುಕ್ ಕೊಡಲೊಪ್ಪಿದ್ದು ಕೆಲವೇ ಗಂಟೆ. ನೌಕಾಪಡೆಯ ಸಮವಸ್ತ್ರ, ಎದುರಿಗೆ ತಾನೇ ತಯಾರಿಸಿದ ದಕ್ಷಿಣ ಸಾಗರದ ನಕ್ಷೆ, ಬೆರಳು ಆಸ್ಟ್ರೇಲಿಯಾದ ಪೂರ್ವ ಕರಾವಳಿಯತ್ತ. ಆತ ಮರಳಿ ಬರಲಿಲ್ಲ; ಗ್ರೀನಿಚ್‌ನಲ್ಲಿರುವ ಈ ಚಿತ್ರ ಉಳಿಯಿತು.

ಇಷ್ಟು ಬೇಡಿಕೆಯಿದ್ದರೂ ಕುಂಚದ ಸಂಪಾದನೆ ಸಂಸತ್ತಿನ ಅರ್ಹತೆಗೆ ಲೆಕ್ಕಕ್ಕಿರಲಿಲ್ಲ. 1710ರ ಕಾಯಿದೆ ಪ್ರಕಾರ ಪಟ್ಟಣದ ಸದಸ್ಯನಿಗೆ ವರ್ಷಕ್ಕೆ 300 ಪೌಂಡ್, ಕೌಂಟಿ ಸದಸ್ಯನಿಗೆ 600 ಪೌಂಡ್ ಭೂ ಆದಾಯ ಇರಬೇಕಿತ್ತು. (ಗೆಳೆಯರ ಜಮೀನನ್ನು ಕಾಗದದ ಮೇಲೆ ತಮ್ಮ ಹೆಸರಿಗೆ ಬರೆಸಿಕೊಂಡು ಪಾರಾಗುತ್ತಿದ್ದವರೂ ಇದ್ದರು.) ಡ್ಯಾನ್ಸ್‌ನನ್ನು ಭೂಮಾಲೀಕರ ಸಾಲಿಗೆ ಸೇರಿಸಿದ್ದು 1783ರ ಮದುವೆ. ಹೆಂಡತಿ ಹ್ಯಾರಿಯೆಟ್, ಕ್ರಾನ್‌ಬರಿ ಪಾರ್ಕ್ ಎಸ್ಟೇಟಿನ ಥಾಮಸ್ ಡಮ್ಮರ್‌ನ ವಿಧವೆ.

ಇನ್ನು ಬೇಕಾದದ್ದು ಕ್ಷೇತ್ರ. ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಮತ ಮನುಷ್ಯನಿಗಲ್ಲ, ಕೆಲವು ಹಳೆಯ ನಿವೇಶನಗಳಿಗೆ ಅಂಟಿಕೊಂಡಿತ್ತು. ಅವನ್ನು ಕೊಂಡವನಿಗೆ ಮತವೂ ಸೇರುತ್ತಿತ್ತು. ಬೆರಳೆಣಿಕೆಯ ಆ ಮತಗಳಿಗೆ ಇಬ್ಬರು ಸದಸ್ಯರು! ಸ್ಯಾಕ್‌ವಿಲ್ ಮನೆತನದ ಹಿಡಿತದಲ್ಲಿದ್ದ ಈ ಊರಿನಿಂದಲೇ ಡ್ಯಾನ್ಸ್ ಆಯ್ಕೆಯಾದ. 1800ರಲ್ಲಿ ತಂದೆಯಿಂದ ಮಗನಿಗೆ ಇಳಿಯುವ ಬ್ಯಾರನೆಟ್ ಪದವಿ ಬಂತು, ಹೆಸರಿಗೆ 'ಹಾಲೆಂಡ್' ಸೇರಿತು. 1802ರಲ್ಲಿ ಗ್ರೇಟ್ ಬೆಡ್ವಿನ್, 1807ರಲ್ಲಿ ಮತ್ತೆ ಈಸ್ಟ್ ಗ್ರಿನ್‌ಸ್ಟೆಡ್. ಚಿತ್ರ ಬರೆಯುವುದು ಪೂರ್ತಿ ನಿಲ್ಲಲಿಲ್ಲ. ಹವ್ಯಾಸಿಯಾಗಿ ಭೂದೃಶ್ಯಗಳನ್ನು ಪ್ರದರ್ಶಿಸಿದ.

ದಾಖಲೆ ಹುಡುಕುವವರು ಎಡವುವುದು ಹೆಸರಿನಲ್ಲಿ. 1804ರಲ್ಲಿ ಪುಲೊ ಔರಾ ದ್ವೀಪದ ಬಳಿ ಫ್ರೆಂಚ್ ನೌಕೆಗಳನ್ನು ಯಾಮಾರಿಸಿದ ಈಸ್ಟ್ ಇಂಡಿಯಾ ಕಂಪನಿಯ ಸರ್ ನಥಾನಿಯಲ್ ಡ್ಯಾನ್ಸ್ ಈತನ ಅಣ್ಣನ ಮಗ.

ಚಿತ್ರಕಾರ ಡ್ಯಾನ್ಸ್ 1811ರಲ್ಲಿ ವಿಂಚೆಸ್ಟರ್‌ನಲ್ಲಿ ತೀರಿಕೊಂಡ. ಮಕ್ಕಳಿಲ್ಲದ್ದರಿಂದ ಬ್ಯಾರನೆಟ್ ಪದವಿ ಅಲ್ಲಿಗೇ ಮುಗಿಯಿತು. ಆತ ಪ್ರತಿನಿಧಿಸಿದ ಎರಡೂ ಕ್ಷೇತ್ರಗಳನ್ನು 1832ರ ಸುಧಾರಣಾ ಕಾಯಿದೆ ರದ್ದು ಮಾಡಿತು.